ನಮ್ಮ ಹುಲಿಗೆ ಸಿಕ್ಕ ಬಿಟ್ಟಿ ಎಂಜಿನ್

ರಾಮನಗರದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಾನು ಕಂಪ್ಯೂಟರ್ ಕಲಿಸುತ್ತಿದ್ದೆ. ಬೆಳಗ್ಗೆ ಪಿಯುಸಿ ಮುಗಿಸಿದವರಿಗೆ ಟೈಪಿಂಗ್ ಹೇಳಿಕೊಡುವುದು, ಮಧ್ಯಾಹ್ನದ ಮೇಲೆ ಮದುವೆ ಕಾರ್ಡು, ಕರಪತ್ರ, ಗೃಹಪ್ರವೇಶದ ಆಹ್ವಾನಗಳನ್ನು ಕನ್ನಡದಲ್ಲಿ ಕೂರಿಸುವುದು ನನ್ನ ಕೆಲಸ. ಕಿಟಕಿ ತೆರೆದರೆ ಹಿಂದಿನ ಬೀದಿಯಲ್ಲಿ ನೂಲು ತೆಗೆಯುವ ಮನೆಗಳಿಂದ ರೇಷ್ಮೆ ಗೂಡು ಬೇಯುವ ವಾಸನೆ ಬರುತ್ತಿತ್ತು. ಬೆಂಗಳೂರಿನಿಂದ ಕಂಪ್ಯೂಟರ್ ಮಿಷನ್ ರಿಪೇರಿಗೆ ಬಂದವರು ಮೂಗು ಮುಚ್ಚಿಕೊಂಡಾಗಲೇ ನಮಗೆ ಆ ವಾಸನೆಯ ನೆನಪಾಗುತ್ತಿದ್ದದ್ದು.

ನಮ್ಮೂರು ಬೈರಮಂಗಲದ ಆಚೆ. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಬಿಡದಿಯ ಸುತ್ತ ಒಂದೊಂದೇ ಶೆಡ್ಡು ಎದ್ದು, ನಮ್ಮ ಹೊಲದಲ್ಲಿ ರಸ್ತೆಯ ಕಡೆಗಿದ್ದ ಭಾಗವೂ ಕೈಗಾರಿಕೆಗೆ ಹೋಗಿತ್ತು. ಉಳಿದ ತುಂಡಿನಲ್ಲಿ ಅಪ್ಪ ರಾಗಿ ಬಿತ್ತುತ್ತಿದ್ದರು, ಅವ್ವ ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದಳು. ತಮ್ಮ ಒಂದು ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಮೇಲೆ ಸೇರಿಕೊಂಡಿದ್ದ. ಊರಿನ ಮುಕ್ಕಾಲು ಪಾಲು ಗಂಡಸರು ಹಾಗೆಯೇ ಯಾವುದಾದರೂ ಗೇಟಿನೊಳಗೆ ಸೇರಿದ್ದರು. ಅಪ್ಪನಿಗೆ ಅದರಿಂದ ಆದ ನಷ್ಟ ಬೇರೆ ಥರದ್ದು. ಅರಳಿಕಟ್ಟೆಯ ಮೇಲೆ ಅವರ ಜೊತೆ ದಿನವೂ ಹುಲಿ-ಕುರಿ ಆಡುತ್ತಿದ್ದ ಎದುರು ಮನೆಯ ದೊಡ್ಡಪ್ಪ ಕಾರ್ಖಾನೆಯೊಂದರ ಗೇಟಿನಲ್ಲಿ ಸೆಕ್ಯುರಿಟಿ ಆಗಿ, ನೀಲಿ ಶರ್ಟು, ಟೋಪಿ ಹಾಕಿಕೊಂಡು ಶಿಫ್ಟಿಗೆ ಹೋಗತೊಡಗಿದರು. ಕಟ್ಟೆಯ ಕಲ್ಲಿನ ಮೇಲೆ ಗೆರೆಗಳಿದ್ದವು, ಹುಣಸೆ ಬೀಜವಿತ್ತು, ಎದುರಿಗೆ ಕೂರುವವರು ಇರಲಿಲ್ಲ.

ಹುಲಿ-ಕುರಿ ಗೊತ್ತಿಲ್ಲದವರಿಗೆ ಎರಡು ಮಾತು. ಮೂರು ಹುಲಿ, ಹದಿನೈದು ಕುರಿ. ಒಬ್ಬರು ಹುಲಿಯ ಕಡೆ, ಇನ್ನೊಬ್ಬರು ಕುರಿಯ ಕಡೆ. ಗೆರೆಗಳು ಕೂಡುವಲ್ಲಿ ಕಾಯಿ ಇಡಬೇಕು. ಹುಲಿ ಕುರಿಯ ಮೇಲೆ ಹಾರಿದರೆ ಆ ಕುರಿ ಸತ್ತಂತೆ. ಹುಲಿಗೆ ಎತ್ತಲೂ ಹೆಜ್ಜೆ ಇಡಲಾಗದಂತೆ ಕುರಿಗಳು ಸುತ್ತುವರಿದರೆ ಹುಲಿ ಸೋತಂತೆ.

ನಮ್ಮ ಸೆಂಟರಿನ ಮಾಲೀಕರು ಹೊಸ ಮಿಷನ್ ತರಿಸಿದಾಗ ಹಳೆಯದೊಂದನ್ನು ನನಗೆ ಕೊಟ್ಟರು. ಗೋಣಿಚೀಲ ಸುತ್ತಿ ಬಸ್ಸಿನಲ್ಲಿ ಮನೆಗೆ ತಂದೆ. ಅಪ್ಪ ಅದರಲ್ಲಿದ್ದ ಇಸ್ಪೀಟು ಆಟವನ್ನು ಒಂದು ವಾರ ಆಡಿದರು. ಆಮೇಲೆ ಒಂದು ಸಂಜೆ, ಅವ್ವ ಹಾಲು ಕರೆದು ಒಳಗೆ ಬರುತ್ತಿದ್ದಾಗ, ಮೌಸಿನಿಂದ ಕೈ ತೆಗೆದು ನನ್ನನ್ನು ಕೇಳಿದರು.

"ಇದ್ರೊಳಗೆ ಹುಲಿ-ಕುರಿ ಐತೇನವ್ವಾ?"

ಇಲ್ಲ ಎಂದೆ. ಅಪ್ಪ ಮತ್ತೆ ಇಸ್ಪೀಟಿಗೆ ತಿರುಗಿದರು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಸೆಂಟರಿಗೆ ಆಗ ಚನ್ನಪಟ್ಟಣದಿಂದ ಒಬ್ಬಳು ಬರುತ್ತಿದ್ದಳು. ನನಗಿಂತ ಎರಡು ಮೂರು ವರ್ಷ ಚಿಕ್ಕವಳು, ಬೆಳಗಿನ ಪ್ಯಾಸೆಂಜರ್ ರೈಲು ಹಿಡಿದು ಬಂದು ಮಧ್ಯಾಹ್ನಕ್ಕೆ ವಾಪಸು. ಅವಳ ಮನೆಯಲ್ಲಿ ತಾತನ ಕಾಲದಿಂದ ಮರದ ಆಟಿಕೆಯ ಕೆಲಸ. ಅವಳ ತಂದೆಯನ್ನು ಅವಳಂತೆ ನಾನೂ ಅಬ್ಬಾ ಎಂದೇ ಕರೆಯುತ್ತಿದ್ದೆ. ಅವರು ಆಲೆ ಮರದ ತುಂಡನ್ನು ಲೇತಿಗೆ ಹಾಕಿ ತಿರುಗಿಸಿ, ಬಣ್ಣದ ಅರಗು ಒತ್ತಿ, ಗೊಂಬೆ, ಗಿಲಕಿ, ಡಬ್ಬಿ ಮಾಡುತ್ತಿದ್ದರು. ಆ ಗೊಂಬೆಗಳಿಗೆ ಕಣ್ಣು ಬರೆಯುವುದು ಇವಳ ಪಾಲಿನ ಕೆಲಸವಾಗಿತ್ತು. ಕಂಪ್ಯೂಟರ್ ಕಲಿತರೆ ಎಲ್ಲಾದರೂ ಆಫೀಸಿನಲ್ಲಿ ಕೆಲಸ ಸಿಕ್ಕೀತು ಎಂದು ಕಳಿಸಿದ್ದರು. ಅವಳೋ ಟೈಪಿಂಗ್ ಪಾಠ ಮುಗಿಯುವುದನ್ನೇ ಕಾಯ್ದುಕೊಂಡಿದ್ದು ಚಿತ್ರ ಬರೆಯುವ ಪ್ರೋಗ್ರಾಮು ತೆರೆಯುತ್ತಿದ್ದಳು. ಮೌಸಿನಲ್ಲಿ ನೆಟ್ಟಗೆ ಒಂದು ಗೆರೆ ಎಳೆಯಲು ನಾವೆಲ್ಲ ಒದ್ದಾಡುವಾಗ ಇವಳು ಕೊಕ್ಕರೆ ಬರೆದಿದ್ದಳು.

ಅಪ್ಪನ ವಿಷಯ ಅವಳಿಗೆ ಹೇಳಿದೆ. ಮಾರನೇ ದಿನ ಅವಳು ಮೂರು ಹುಲಿ ಬರೆದುಕೊಂಡು ಬಂದಳು. ಒಂದು ಮಲಗಿತ್ತು, ಒಂದು ಕೂತಿತ್ತು, ಒಂದು ಹೊಂಚು ಹಾಕಿ ನಿಂತಿತ್ತು. ಮೂರಕ್ಕೂ ಚನ್ನಪಟ್ಟಣದ ಗೊಂಬೆಯ ಹಾಗೆ ಅಗಲವಾದ, ಕಾಡಿಗೆ ಹಚ್ಚಿದಂಥ ಕಣ್ಣು. ನಾವಿಬ್ಬರೂ ಸೇರಿ ಆಟ ಮಾಡುವುದು ಎಂದು ಯಾರೂ ಯಾರಿಗೂ ಹೇಳಲಿಲ್ಲ, ಅದು ಆಗಲೇ ಶುರುವಾಗಿತ್ತು.

ಆಟ ಮಾಡಲು ಗೇಮ್ ಎಂಜಿನ್ ಎನ್ನುವುದೊಂದು ಬೇಕು ಎಂಬುದು ಆಗ ತಿಳಿಯಿತು. ಎಂಜಿನ್ ಎಂದರೆ ಅದೊಂದು ಸಿದ್ಧ ಪ್ರೋಗ್ರಾಮು. ಸ್ಕ್ರೀನಿನ ಮೇಲೆ ಚಿತ್ರ ತೋರಿಸುವುದು, ಸದ್ದು ಹೊರಡಿಸುವುದು, ಮೌಸ್ ಎಲ್ಲಿ ಒತ್ತಿದೆವೆಂದು ನೋಡಿಕೊಳ್ಳುವುದು, ಎಲ್ಲ ಆಟಗಳಿಗೂ ಬೇಕಾದ ಇಂಥ ಕೆಲಸಗಳನ್ನು ಅದು ಮಾಡಿಕೊಡುತ್ತದೆ. ಅದರ ಮೇಲೆ ನಮ್ಮ ಆಟವನ್ನು ನಾವು ಕೂರಿಸಬೇಕು. ಬೆಂಗಳೂರಿಗೆ ಹೋಗಿದ್ದ ಮಾಲೀಕರ ಕೈಲಿ ಅಂಥದ್ದೊಂದರ ಸಿ.ಡಿ. ತರಿಸಿದೆವು. ಅದು ಕೊಳ್ಳುವ ಮುಂಚೆ ಕೆಲವು ದಿನ ಪರೀಕ್ಷಿಸಿ ನೋಡಲೆಂದು ಕೊಡುವ ನಮೂನೆ. ಸ್ಕ್ರೀನಿನ ಮಧ್ಯದಲ್ಲಿ ಸದಾ ಕಂಪನಿಯ ಹೆಸರು ಮಸುಕಾಗಿ ತೇಲುತ್ತಿತ್ತು, ನಮ್ಮ ಹುಲಿ ಅದರ ಹಿಂದೆ ಓಡಾಡುತ್ತಿತ್ತು. ಹಾಗಿದ್ದರೂ ಖುಷಿಯಾಗಿಯೇ ಕೆಲಸ ಮಾಡಿದೆವು. ಮಣೆಯ ಗೆರೆಗಳು ಬಂದವು, ಕುರಿ ಇಟ್ಟರೆ ಕೂರುವಂತಾಯಿತು. ಒಂದು ದಿನ ತೆರೆದರೆ, ಗಡುವು ಮುಗಿದಿದೆ, ಕೊಂಡುಕೊಳ್ಳಿ ಎಂಬ ಮಾತು ಬಿಟ್ಟು ಬೇರೇನೂ ಕಾಣಲಿಲ್ಲ. ಬೆಲೆ ವಿಚಾರಿಸಿ ಇಬ್ಬರೂ ನಕ್ಕುಬಿಟ್ಟೆವು. ನಾವು ಮಾಡಿದ್ದೆಲ್ಲ ಆ ಪ್ರೋಗ್ರಾಮಿನ ಹೊಟ್ಟೆಯಲ್ಲೇ ಉಳಿಯಿತು. ಬೇರೆ ಯಾವುದರಿಂದಲೂ ಆ ಫೈಲನ್ನು ತೆರೆಯಲು ಬರುತ್ತಿರಲಿಲ್ಲ.

ಮಿಷನ್ ರಿಪೇರಿಗೆ ಬರುತ್ತಿದ್ದಾತ ಇದನ್ನು ಕೇಳಿ, ಅಷ್ಟೇ ತಾನೆ ಎಂದು ಮುಂದಿನ ವಾರ ಬೀಗ ಒಡೆದ ಕಳ್ಳ ಪ್ರತಿಯ ಸಿ.ಡಿ. ತಂದು ಮೇಜಿನ ಮೇಲಿಟ್ಟ. ಊರಿನಲ್ಲಿ ಎಲ್ಲರ ಕಂಪ್ಯೂಟರೂ ಹಾಗೆಯೇ ನಡೆಯುತ್ತಿತ್ತು, ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಹಾಕಲೆಂದು ಕೈ ಚಾಚಿದೆ. ಗೆಳತಿ ಸಿ.ಡಿ.ಯ ಮೇಲೆ ಕೈಯಿಟ್ಟಳು.

"ಬ್ಯಾಡ ಅಕ್ಕಾ. ಎಲ್ಲೋ ಪ್ಲಾಸ್ಟಿಕ್ ಬಣ್ಣ ಹೊಡ್ದು, ಚನ್ನಪಟ್ಟಣದ್ದೇ ಅಂತ ಹೇಳ್ಕೊಂಡು ನಮ್ ಆಟಿಕೆ ನಕಲು ಮಾರ್ತಾವ್ರೆ. ಮನೇಲಿ ದಿನಾ ಅದೇ ಮಾತು. ನಾನು ಇದ್ರಲ್ಲಿ ಕೆಲ್ಸ ಮಾಡ್ಬುಟ್ಟು ಅಬ್ಬಾ ಮುಂದೆ ಹೆಂಗೆ ಕೂತ್ಕೊಳ್ಲಿ?"

ಅವಳ ದನಿ ಏನೂ ಏರಿರಲಿಲ್ಲ. ನಾನು ಸಿ.ಡಿ.ಯನ್ನು ವಾಪಸು ಕೊಟ್ಟೆ. ಆತ ಇಬ್ಬರನ್ನೂ ನೋಡಿ, ನಿಮ್ಮಿಷ್ಟ ಎಂದು ಚೀಲಕ್ಕೆ ಹಾಕಿಕೊಂಡ. ಆ ಮಳೆಗಾಲವೆಲ್ಲ ನಾವು ಆಟದ ಸುದ್ದಿ ಎತ್ತಲಿಲ್ಲ. ಅವಳು ಕೋರ್ಸು ಮುಗಿಸಿ ನಮ್ಮ ಸೆಂಟರಿನಲ್ಲೇ ಕಾರ್ಡುಗಳ ವಿನ್ಯಾಸ ಮಾಡುವ ಕೆಲಸಕ್ಕೆ ಸೇರಿದಳು.

ಬಿಟ್ಟಿ ಎಂಜಿನ್ ಸಿಕ್ಕಿದ್ದು ಒಂದು ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಸಿ.ಡಿ.ಯಲ್ಲಿ. ಅದರಲ್ಲಿ ಬೇಡದ್ದೇ ಹೆಚ್ಚು ಇರುತ್ತಿತ್ತು, ಆದರೂ ನಾನು ಒಂದೊಂದನ್ನೂ ತೆರೆದು ನೋಡುತ್ತಿದ್ದೆ. ಮೊದಲು ಇದಕ್ಕೂ ಗಡುವು ಇರುತ್ತದೆ ಎಂದುಕೊಂಡೆ. ಜೊತೆಗಿದ್ದ ಇಂಗ್ಲಿಷ್ ಪರವಾನಗಿಯನ್ನು ಇಬ್ಬರೂ ನಿಘಂಟು ಇಟ್ಟುಕೊಂಡು ಓದಿದೆವು. ಯಾರು ಬೇಕಾದರೂ ಬಳಸಬಹುದು. ಎಷ್ಟು ಕಂಪ್ಯೂಟರಿಗೆ ಬೇಕಾದರೂ ಹಾಕಬಹುದು. ಒಳಗಿನ ಕೋಡನ್ನು, ಅಂದರೆ ಪ್ರೋಗ್ರಾಮು ಬರೆದ ಸಾಲುಗಳನ್ನು, ತೆರೆದು ನೋಡಬಹುದು, ಬದಲಾಯಿಸಬಹುದು. ಇದರಿಂದ ಮಾಡಿದ ಆಟವನ್ನು ಮಾರಲೂಬಹುದು. ಯಾರು ಮಾಡಿದ್ದೆಂಬ ಮಾತನ್ನು ಮಾತ್ರ ಅಳಿಸಬಾರದು. ಎರಡನೇ ಸಲ ಓದಿದೆವು, ಎಲ್ಲಾದರೂ ಕೊಕ್ಕೆ ಇದ್ದೀತು ಎಂದು. ಕಾಣಲಿಲ್ಲ.

ಆ ಭಾನುವಾರ ಚನ್ನಪಟ್ಟಣಕ್ಕೆ ಊಟಕ್ಕೆ ಹೋಗಿದ್ದೆ. ಅವಳು ಈ ಸಂಗತಿಯನ್ನು ಅಬ್ಬಾನಿಗೆ ಹೇಳಿದಳು. ಅವರು ಲೇತು ನಿಲ್ಲಿಸಿ, ಮಡಿಲಿನ ಮರದ ಹೊಟ್ಟು ಕೊಡವಿಕೊಂಡು ನನ್ನ ಕಡೆ ತಿರುಗಿದರು.

"ಬಿಟ್ಟಿ ಕೊಟ್ಟೋರು ಹೊಟ್ಟೆಗೆ ಏನ್ ತಿಂತಾರಮ್ಮಾ?"

ನನಗೆ ಗೊತ್ತಿದ್ದಷ್ಟು ಹೇಳಿದೆ. ಅವರೆಲ್ಲ ಬೇರೆ ಕಡೆ ಕೆಲಸದಲ್ಲಿರುತ್ತಾರೆ, ಬಿಡುವಿನಲ್ಲಿ ಇದನ್ನು ಬರೆಯುತ್ತಾರೆ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದುತ್ತಾರೆ, ಎಲ್ಲರಿಗೂ ಒಂದೊಂದು ಕಾರಣಕ್ಕೆ ಅದು ಬೇಕಾಗಿರುತ್ತದೆ. ಅಬ್ಬಾ ತಲೆಯಾಡಿಸಿದರು, ಒಪ್ಪಿದ ಹಾಗೆ ಕಾಣಲಿಲ್ಲ. ಆಮೇಲೆ ನಾನು ಅವರ ಮನೆಗೆ ಹೋದಾಗಲೆಲ್ಲ, ಕೂತ್ಕೊಳ್ಳಮ್ಮ ಎಂದು ಹೇಳಿ, ಬಿಲ್ಲೇನಾದರೂ ಬಂತೇ ಎಂದು ಕೇಳುವುದು ರೂಢಿಯಾಯಿತು. ಕೊನೆಯವರೆಗೂ ಬರಲಿಲ್ಲ, ಅವರ ಅನುಮಾನವೂ ಹೋಗಲಿಲ್ಲ.

ಈ ಸಲ ಕೆಲಸ ನಿಧಾನವಾಯಿತು. ದುಡ್ಡು ಕೊಟ್ಟು ಕೊಳ್ಳುವ ಎಂಜಿನ್ನಿನಲ್ಲಿ ಅಂದವಾದ ಗುಂಡಿಗಳಿದ್ದವು, ಒತ್ತಿದರೆ ಕೆಲಸವಾಗುತ್ತಿತ್ತು. ಇದರಲ್ಲಿ ಎಲ್ಲವನ್ನೂ ಬರೆದು ಹೇಳಬೇಕು. ನನಗೆ ಕೋಡ್ ಬರೆಯಲು ಸರಿಯಾಗಿ ಬರುತ್ತಿರಲಿಲ್ಲ. ಆದರೆ ಎಂಜಿನ್ ಜೊತೆ ಯಾರ್‍ಯಾರೋ ಮಾಡಿದ ಸಣ್ಣ ಆಟಗಳು ಕೋಡ್ ಸಮೇತ ಇದ್ದವು. ಒಂದನ್ನು ತೆರೆದು, ಒಂದು ಸಾಲು ಬದಲಾಯಿಸಿ, ಏನಾಯಿತೆಂದು ನೋಡುವುದು. ಕೆಟ್ಟರೆ ಮತ್ತೆ ಸಿ.ಡಿ.ಯಿಂದ ಹಾಕುವುದು. ಅಕ್ಕಪಕ್ಕದ ಮನೆಯ ಅಡಿಗೆ ನೋಡಿ ಕಲಿಯುವ ಹಾಗೆ ಕಲಿತೆ. ಕಾರ್ಡಿನ ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಅವಳು ಪಕ್ಕದ ಕುರ್ಚಿಯಲ್ಲಿ ಚಿತ್ರ ಬರೆಯುತ್ತಿದ್ದಳು, ನಾನು ಹುಲಿಗೆ ನಡೆಯಲು ಕಲಿಸುತ್ತಿದ್ದೆ.

ಸದ್ದಿಗೆಂದು ಅವಳು ನಮ್ಮೂರಿಗೆ ಬಂದಳು. ಕಾಯಿ ಇಡುವ ಸದ್ದನ್ನು ಅವಳೇ ಮನೆಯಲ್ಲಿ ಮರದ ಬಿಲ್ಲೆಯನ್ನು ಹಲಗೆಗೆ ತಟ್ಟಿ ಹಿಡಿದಿದ್ದಳು. ಕುರಿಯ ಕೂಗು ಮಾತ್ರ ನಮ್ಮ ಕಡೆಯದು ಎಂದು ಮಾತಾಗಿತ್ತು. ಮೈಕು, ಪುಟ್ಟ ರೆಕಾರ್ಡರು ಹಿಡಿದುಕೊಂಡು ಪಕ್ಕದ ಮನೆಯ ಕೊಟ್ಟಿಗೆಗೆ ಹೋದೆವು. ದಿನವಿಡೀ ಅರಚುತ್ತಿದ್ದ ಕುರಿಗಳು ಮೈಕು ಕಂಡದ್ದೇ ಬಾಯಿ ಮುಚ್ಚಿದವು. ಅಪ್ಪ ಬಂದು ಬೇಲಿಯ ಸೊಪ್ಪು ತೋರಿಸಿ ನೋಡಿದರು, ಮರಿಯನ್ನು ಎತ್ತಿಕೊಂಡು ಆಚೆ ಹೋಗಿ ನೋಡಿದರು. ತಾಯಿ ಕುರಿ ನೆಮ್ಮದಿಯಾಗಿ ಮೆಲುಕು ಹಾಕುತ್ತ ನಿಂತಿತ್ತು. ಕೊನೆಗೆ ಅಪ್ಪನೇ ಬೇಸತ್ತು, ಕೊಟ್ಟಿಗೆಯ ಬಾಗಿಲಲ್ಲಿ ಕೂತು ಕುರಿಯ ಹಾಗೆ ಕೂಗಿದರು. ಕುರಿಗಳು ಆಗಲೂ ಕೂಗಲಿಲ್ಲ. ಆದರೆ ರೆಕಾರ್ಡರು ಓಡುತ್ತಿತ್ತು. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗು ತಡೆದಳು. ನಮ್ಮ ಆಟದಲ್ಲಿ ಹುಲಿ ಕುರಿಯನ್ನು ತಿಂದಾಗ ಕೇಳುವುದು ಅಪ್ಪನ ದನಿ.

ಅವ್ವ ಅವತ್ತು ಅವರೆಕಾಳಿನ ಸಾರು, ಮುದ್ದೆ ಮಾಡಿದ್ದಳು. ಚನ್ನಪಟ್ಟಣದವಳಿಗೆ ಮುದ್ದೆ ನುಂಗಲು ಬರುತ್ತದೋ ಇಲ್ಲವೋ ಎಂದು ಅನ್ನವನ್ನೂ ಇಟ್ಟಿದ್ದಳು. ಅವಳು ಅನ್ನ ಮುಟ್ಟದೆ ಎರಡು ಮುದ್ದೆ ಉಂಡಳು.

ಅರ್ಧಂಬರ್ಧ ಆದ ಆಟವನ್ನು ಅಪ್ಪನ ಮುಂದಿಟ್ಟಾಗ ಅವರ ಮೊದಲ ತಕರಾರು, ಇಟ್ಟ ಕಾಯಿಯನ್ನು ವಾಪಸು ತೆಗೆಯಲು ಆಗುವುದಿಲ್ಲ ಎನ್ನುವುದು. ಕಟ್ಟೆಯ ಮೇಲೂ ಅಪ್ಪ ಹಾಗೆಯೇ ಆಡುತ್ತಿದ್ದದ್ದು. ಕಾಯಿ ಇಟ್ಟು, ಎದುರಿನವರ ಮುಖ ನೋಡಿ, ತಡಿ ತಡಿ ಎಂದು ಎತ್ತಿಕೊಳ್ಳುವುದು. ಅದು ಆಟದ ನಿಯಮವಲ್ಲ ಎಂದು ನಾನು ವಾದ ಮಾಡಿದೆ.

"ದೊಡ್ಡಪ್ಪ ಬುಡ್ತಿದ್ದ ಕಣವ್ವಾ," ಎಂದರು ಅಪ್ಪ.

ಅದಕ್ಕೂ ಒಂದು ಗುಂಡಿ ಮಾಡಿದೆವು.

ಎಲ್ಲಕ್ಕಿಂತ ಕಾಡಿದ್ದು ಕನ್ನಡ. ಆಟದೊಳಗೆ ಮಾತೆಲ್ಲ ಕನ್ನಡದಲ್ಲೇ ಇರಬೇಕು, ಇಲ್ಲದಿದ್ದರೆ ಅಪ್ಪನಿಗೆ ಮಾಡಿ ಏನು ಪ್ರಯೋಜನ. ಆದರೆ ಎಂಜಿನ್ನಿಗೆ ಒತ್ತಕ್ಷರ ಗೊತ್ತಿರಲಿಲ್ಲ. ಇಂಗ್ಲಿಷಿನ ಹಾಗೆ ಒಂದರ ಪಕ್ಕ ಒಂದು ಅಕ್ಷರ ಇಡುತ್ತ ಹೋಗುತ್ತಿತ್ತು. ಹುಲಿ ಗೆದ್ದಿತು ಎಂದು ಬರೆದರೆ ದಕಾರದ ಕೆಳಗಿರಬೇಕಾದ ಒತ್ತು ಪಕ್ಕದಲ್ಲಿ ಬಂದು ಕೂರುತ್ತಿತ್ತು, ಇಕಾರ ಇನ್ನೆಲ್ಲೋ. ಕೆಲವು ಕಡೆ ಬರೀ ಚೌಕ. ಮಾತನ್ನೆಲ್ಲ ಚಿತ್ರವಾಗಿ ಬರೆದು ಅಂಟಿಸೋಣ ಎಂದು ಅವಳು ಹೇಳಿದಳು, ಸ್ವಲ್ಪ ದಿನ ಹಾಗೆಯೂ ಮಾಡಿದೆವು. ಆದರೆ ಒಂದು ಪದ ತಿದ್ದಬೇಕೆಂದರೂ ಅವಳು ಹೊಸದಾಗಿ ಬರೆಯಬೇಕು.

ಹಳೆಯ ಎಂಜಿನ್ ಆಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮುಚ್ಚಿದ ಪೆಟ್ಟಿಗೆ ಅದು, ಒಳಗೆ ಏನಿದೆ ಎಂದು ನೋಡುವ ಹಾಗಿರಲಿಲ್ಲ. ಇದರ ಕೋಡೆಲ್ಲ ನಮ್ಮ ಮುಂದೆಯೇ ಇತ್ತು. ಮುಂದಿದ್ದರೂ ನನಗೆ ಅದರ ತಲೆ ಬುಡ ತಿಳಿಯಲಿಲ್ಲ ಎನ್ನುವುದು ಬೇರೆ ಮಾತು. ಈ ಎಂಜಿನ್ ಬಳಸುವವರು ಒಬ್ಬರಿಗೊಬ್ಬರು ಇಮೇಲ್ ಬರೆದುಕೊಳ್ಳುವ ಒಂದು ಕೂಟವಿತ್ತು. ಸೈಬರ್ ಕೆಫೆಯಲ್ಲಿ ಕೂತು, ನನ್ನ ಇಂಗ್ಲಿಷನ್ನು ಮೂರು ಸಲ ತಿದ್ದಿ, ನಮ್ಮ ಭಾಷೆಯಲ್ಲಿ ಅಕ್ಷರದ ಕೆಳಗೆ ಅಕ್ಷರ ಬರುತ್ತದೆ, ನಿಮ್ಮ ಎಂಜಿನ್ ಅದನ್ನು ಪಕ್ಕಕ್ಕಿಡುತ್ತದೆ ಎಂದು ಬರೆದೆ. ಅಕ್ಷರ ಒಡೆದ ಸ್ಕ್ರೀನಿನ ಚಿತ್ರವನ್ನೂ, ಅದೇ ಪದವನ್ನು ಕೈಯಲ್ಲಿ ಬರೆದು ಸ್ಕ್ಯಾನ್ ಮಾಡಿದ್ದನ್ನೂ ಸೇರಿಸಿದೆ. ಯಾರಾದರೂ ಉತ್ತರ ಬರೆಯುತ್ತಾರೆ ಎಂಬ ನಂಬಿಕೆ ನನಗೇ ಇರಲಿಲ್ಲ.

ಎರಡು ದಿನ ಬಿಟ್ಟು ನೋಡಿದರೆ ಉತ್ತರ ಬಂದಿತ್ತು. ಬರೆದವರು ಆ ಎಂಜಿನ್ ಮಾಡಿದವರಲ್ಲೇ ಒಬ್ಬರು, ಯಾವುದೋ ಚಳಿ ದೇಶದವರು, ತಮ್ಮಲ್ಲಿ ಹಿಮ ಬೀಳುತ್ತಿದೆ ಎಂದು ಶುರು ಮಾಡಿದ್ದರು. ಇಂಥ ಅಕ್ಷರಗಳನ್ನು ತಾವು ನೋಡಿಯೇ ಇರಲಿಲ್ಲ, ಬಲು ಚೆಂದ ಇವೆ, ತಪ್ಪು ಇರುವುದು ಇಂಥ ಫೈಲಿನಲ್ಲಿ, ಇಂಥ ಕಡೆ. ಅಕ್ಷರ ಜೋಡಿಸಲೆಂದೇ ಇನ್ನೊಂದು ಬಿಟ್ಟಿ ಪ್ರೋಗ್ರಾಮು ಇದೆ, ಅದನ್ನು ಇಲ್ಲಿಗೆ ಸೇರಿಸಿದರೆ ಆಗಬಹುದು. ತಮಗೆ ಕನ್ನಡ ಓದಲು ಬರದ ಕಾರಣ ಸರಿಯಾಯಿತೋ ಇಲ್ಲವೋ ಹೇಳಲಾಗದು, ನೀವೇ ಪ್ರಯತ್ನಿಸಿ, ಸಿಕ್ಕಿಹಾಕಿಕೊಂಡರೆ ಬರೆಯಿರಿ.

ನಾನು ಸಿಕ್ಕಿಹಾಕಿಕೊಂಡದ್ದು ಎಷ್ಟೋ ಸಲ. ಪ್ರತಿ ಸಲವೂ ಅವರು ತಾಳ್ಮೆಯಿಂದ ಬರೆದರು. ಒಮ್ಮೆ, ಇಷ್ಟು ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ ಎಂದು ಬರೆದಿದ್ದಕ್ಕೆ, ನೀವು ನನ್ನ ಎಂಜಿನ್ನನ್ನೇ ತಿದ್ದುತ್ತಿದ್ದೀರಲ್ಲ, ತೊಂದರೆ ಯಾರಿಗೆ ಎಂದು ಉತ್ತರ ಬಂತು. ಆ ಮಾತನ್ನು ಗೆಳತಿಗೆ ಕನ್ನಡದಲ್ಲಿ ಹೇಳಿದೆ. ಅವಳು ಅದನ್ನು ಮನೆಗೆ ಹೋಗಿ ಉರ್ದುವಿನಲ್ಲಿ ಹೇಳಿದಳಂತೆ. ರಾಮನಗರದ ಪಾತ್ರೆ ಅಂಗಡಿಯ ಮೇಲೆ ಕೂತು, ಎಲ್ಲೋ ಇರುವವರ ಜೊತೆ ಒಂದೇ ಕೆಲಸದಲ್ಲಿ ಇದ್ದೇನೆ ಎಂಬ ಭಾವನೆ ನನಗೆ ಮೊದಲ ಸಲ ಬಂದದ್ದು ಆವಾಗ. ಬಿಟ್ಟಿ ಸಿಕ್ಕಿತು ಎನ್ನುವುದಕ್ಕಿಂತ ಅದು ನನಗೆ ದೊಡ್ಡದಾಗಿತ್ತು.

ಒಂದು ಶನಿವಾರ ಮಧ್ಯಾಹ್ನ ಕರೆಂಟು ಹೋಗಿ ಬಂದು ಆಡುತ್ತಿತ್ತು. ಮೂರನೇ ಸಲ ಮಿಷನ್ ಹಚ್ಚಿ ಆಟ ತೆರೆದೆ. ಕುರಿಗಳನ್ನು ಬೇಕೆಂದೇ ತಪ್ಪು ಕಡೆ ಇಟ್ಟು ಹುಲಿಗೆ ತಿನ್ನಿಸಿದೆ. ಹುಲಿ ಗೆದ್ದಿತು ಎಂದು ಬಂತು. ಒತ್ತು ಕೆಳಗಿತ್ತು. ಗುಡಿಸು ಸರಿಯಾಗಿತ್ತು. ಗೆಳತಿ ಕುರ್ಚಿ ಎಳೆದುಕೊಂಡು ಬಂದು, ಒಂದನೇ ಕ್ಲಾಸಿನ ಮಗುವಿನ ಹಾಗೆ ಅಕ್ಷರದ ಮೇಲೆ ಬೆರಳಿಟ್ಟು ಜೋರಾಗಿ ಓದಿದಳು. ಟೈಪಿಂಗ್ ಮಾಡುತ್ತಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಕಣ್ಣು ಒದ್ದೆಯಾಗಿತ್ತು. ಅದನ್ನು ಯಾರಿಗೂ ತೋರಿಸಬಾರದೆಂದು ಕೆಳಗಿಳಿದು ಹೋಗಿ ಎಲ್ಲರಿಗೂ ಟೀ ಹೇಳಿ ಬಂದೆ.

ನಾನು ಬದಲಾಯಿಸಿದ ಕೋಡನ್ನು ಆ ಚಳಿ ದೇಶದವರು ಎಂಜಿನ್ನಿಗೇ ಸೇರಿಸಿಕೊಂಡರು. ಕೆಲವು ತಿಂಗಳಾದ ಮೇಲೆ ತೆಲುಗಿನವರೊಬ್ಬರು, ಆಮೇಲೆ ಮಲಯಾಳದವರೊಬ್ಬರು, ನಮ್ಮ ಅಕ್ಷರವೂ ಈಗ ಸರಿ ಬರುತ್ತಿದೆ ಎಂದು ಆ ಕೂಟಕ್ಕೆ ಬರೆದರು.

ಅಷ್ಟರಲ್ಲಿ ಗೆಳತಿಗೆ ಮದುವೆ ಗೊತ್ತಾಯಿತು. ಗಂಡಿನ ಮನೆ ಕನಕಪುರ, ಅಲ್ಲಿ ಅವರದೊಂದು ಮೊಬೈಲ್ ಅಂಗಡಿ. ಸಂಬಂಧ ಅವಳಿಗೆ ಒಪ್ಪಿಗೆಯಿತ್ತು, ಅದರಲ್ಲಿ ನೋವಿನ ಮಾತಿರಲಿಲ್ಲ. ಆದರೂ ನಿಕಾಹ್ ಮುಗಿಸಿ ವಾಪಸು ಬರುವಾಗ, ಇನ್ನು ಆಟ ಇಲ್ಲಿಗೆ ನಿಂತಿತು ಎಂದುಕೊಂಡೆ. ಪಕ್ಕದ ಕುರ್ಚಿಗೆ ಬೇರೆಯವರು ಬಂದರು. ಹುಲಿ ಗೆಲ್ಲುವಾಗಿನ ಚಿತ್ರ, ಕುರಿಗಳು ಗೆಲ್ಲುವಾಗಿನ ಚಿತ್ರ, ಎರಡೂ ಬಾಕಿ ಇದ್ದವು.

ಒಂದು ತಿಂಗಳ ಮೇಲೆ ಅವಳ ಫೋನು ಬಂತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇದೆಯಂತೆ. ಎಂಜಿನ್ ಹಾಕಿಕೊಂಡೆ, ಓಡುತ್ತಿದೆ ಎಂದಳು.

"ಯಾರ್ನೂ ಕೇಳ್ಬೇಕಿಲ್ಲ ಅಲ್ವಾ ಅಕ್ಕಾ, ಇನ್ನೊಂದ್ ಮಿಷನ್‌ಗೆ ಹಾಕೋಕೆ?"

ಯಾರನ್ನೂ ಕೇಳಬೇಕಿರಲಿಲ್ಲ. ಒಂದೇ ಮಿಷನ್ನಿಗೆ ಕಟ್ಟಿಹಾಕಿದ್ದ ಪ್ರೋಗ್ರಾಮಾಗಿದ್ದರೆ ಅವಳ ಪಾಲು ಆ ಮದುವೆಯ ದಿನಕ್ಕೇ ಮುಗಿಯುತ್ತಿತ್ತೇನೋ. ಅಲ್ಲಿಂದ ಮುಂದೆ ನಮ್ಮ ಆಟ ಬಸ್ಸಿನಲ್ಲಿ ಓಡಾಡಿತು. ಅವಳ ಗಂಡನಿಗೆ ಕನಕಪುರ-ರಾಮನಗರ ಬಸ್ಸಿನ ಕಂಡಕ್ಟರು ಪರಿಚಯ. ಅಬ್ಬಾ ಮಾಡಿಕೊಟ್ಟಿದ್ದ ಕೆಂಪು ಅರಗಿನ ಕುಂಕುಮದ ಡಬ್ಬಿಯಲ್ಲಿ ಪೆನ್ ಡ್ರೈವ್ ಇಟ್ಟು ಅವರ ಕೈಲಿ ಕಳಿಸುತ್ತಿದ್ದಳು. ನಾನು ಬಸ್ ಸ್ಟ್ಯಾಂಡಿಗೆ ಹೋಗಿ ಇಸಿದುಕೊಂಡು, ನನ್ನ ಕೆಲಸ ತುಂಬಿಸಿ ಮತ್ತೆ ಕಳಿಸುತ್ತಿದ್ದೆ. ಒಳಗೆ ಏನಿದೆ ಎಂದು ಕಂಡಕ್ಟರು ಒಮ್ಮೆ ಕೇಳಿದರು. ಹುಲಿ ಎಂದೆ. ಅವರು ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಸತ್ತೋಗೈತೆ ಎಂದು ನಕ್ಕರು.

ಆಟ ಮುಗಿದಾಗ ಅದನ್ನೂ ಅದರ ಕೋಡನ್ನೂ ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ತೆಗೆದುಕೊಳ್ಳುವಂತೆ ಹಾಕಿದೆವು. ಮಾರೋಣವೇ ಎಂದು ಇಬ್ಬರೂ ಮಾತಾಡಿಕೊಂಡದ್ದುಂಟು. ಎಂಜಿನ್ನಿನ ಪರವಾನಗಿ ಬೇಡವೆನ್ನುತ್ತಿರಲಿಲ್ಲ. ಮಾರಲು ಎಲ್ಲಿಗೆ ಹೋಗಬೇಕು, ಯಾರನ್ನು ಕಾಣಬೇಕು ಎಂಬುದೇ ಗೊತ್ತಿರಲಿಲ್ಲ. ತೆಗೆದುಕೊಂಡವರು ಬಹಳ ಜನವೇನಲ್ಲ. ಅಪ್ಪ ಮಾತ್ರ ದಿನಾ ಆಡಿದರು. ಶಿಫ್ಟಿಲ್ಲದ ದಿನ ದೊಡ್ಡಪ್ಪ ಬಂದು ಅಪ್ಪನ ಹೆಗಲ ಹಿಂದೆ ನಿಂತು, ಅಲ್ಲಲ್ಲ, ಆ ಕಡೆ ಎಂದು ಹೇಳಿಕೊಡುತ್ತಿದ್ದರು. ಆದರೆ ನಮ್ಮ ಹುಲಿ ಪೆದ್ದು. ಎರಡು ನಡೆ ಮುಂದಿನದನ್ನು ಯೋಚಿಸುವುದನ್ನು ಅದಕ್ಕೆ ಕಲಿಸಲು ನನ್ನಿಂದ ಆಗಿರಲಿಲ್ಲ. ಅಪ್ಪ ಸದಾ ಕುರಿಯಾಗಿ ಆಡಿ, ಸದಾ ಗೆದ್ದು, ಸಂತೋಷವಾಗಿದ್ದರು.

ವರ್ಷ ಕಳೆದ ಮೇಲೆ ದಕ್ಷಿಣ ಅಮೆರಿಕದಿಂದ ಒಬ್ಬರು ಬರೆದರು. ತಮ್ಮ ಕಡೆ ಕಾಡಿನ ಜನ ನೆಲದ ಮೇಲೆ ಗೆರೆ ಎಳೆದು ಇಂಥದ್ದೇ ಆಟ ಆಡುತ್ತಾರೆ, ಹುಲಿಯ ಬದಲು ಚಿರತೆಯಂಥ ಚುಕ್ಕೆಗಳ ಜಾಗ್ವಾರ್, ಕುರಿಯ ಬದಲು ನಾಯಿಗಳು. ನಿಮ್ಮ ಆಟವನ್ನು ತೆಗೆದುಕೊಂಡು ಅದನ್ನು ಮಾಡಿದ್ದೇನೆ, ನೋಡಿ. ನಾನು ಕನಕಪುರಕ್ಕೆ ಹೋಗಿ ಅವಳಿಗೆ ತೋರಿಸಿದೆ. ಮಣೆ ಬೇರೆ, ಬಣ್ಣ ಬೇರೆ, ಮೈಮೇಲೆ ಪಟ್ಟೆ ಹೋಗಿ ಚುಕ್ಕೆ ಬಂದಿದ್ದವು. ಕಣ್ಣು ಮಾತ್ರ ಅವಳದೇ.

ಅವಳು ಮೌಸಿನಿಂದ ಜಾಗ್ವಾರನ್ನು ಅತ್ತಿತ್ತ ಓಡಿಸಿದಳು.

"ನನ್ ಕಣ್ಣು ತಗೊಂಡವ್ನೆ," ಎಂದಳು.

ಕೋಪವಿತ್ತೋ, ಬೇಸರವೋ, ನನಗೆ ತಿಳಿಯಲಿಲ್ಲ. ಹಾಗೆ ತೆಗೆದುಕೊಳ್ಳಬಹುದು ಎಂದು ನಾವೇ ಬರೆದು ಹಾಕಿದ್ದೆವು ಎನ್ನುವುದು ಅವಳಿಗೂ ಗೊತ್ತಿತ್ತು. ಗೊತ್ತಿರುವುದು ಬೇರೆ, ತನ್ನ ಕೈಯ ಗೆರೆಯನ್ನು ಬೇರೆಯವರ ಆಟದಲ್ಲಿ ನೋಡುವುದು ಬೇರೆ. ಆಟದ ಕೊನೆಯ ಪುಟ ತೆರೆದು ತೋರಿಸಿದೆ. ಅಲ್ಲಿ ಮೊದಲಿಗೆ ನಮ್ಮಿಬ್ಬರ ಹೆಸರಿತ್ತು, ಕೆಳಗೆ ಅವರದು. ಅವಳ ಹೆಸರಿನ ಮುಂದೆ, ಈ ಕಣ್ಣುಗಳನ್ನು ಬದಲಾಯಿಸಲು ನನಗೆ ಮನಸ್ಸಾಗಲಿಲ್ಲ ಎಂದು ಅವರು ಬರೆದಿದ್ದರು. ನಾನು ಕನ್ನಡದಲ್ಲಿ ಹೇಳಿದೆ. ಅವಳು ಮತ್ತೊಮ್ಮೆ ಹೇಳು ಎಂದಳು. ಮತ್ತೊಮ್ಮೆ ಹೇಳಿದೆ. ಆಮೇಲೆ ಎದ್ದು, ಅಂಗಡಿಯಲ್ಲಿದ್ದ ಗಂಡನನ್ನು ಕರೆದುಕೊಂಡು ಬಂದು ಅವರಿಗೂ ತೋರಿಸಿದಳು.

ಆ ಜಾಗ್ವಾರ್ ನಮ್ಮ ಹುಲಿಯಂತೆ ಪೆದ್ದಾಗಿರಲಿಲ್ಲ. ನಾಯಿಗಳು ಮುಂದೆ ಎಲ್ಲಿಗೆ ಬರಬಹುದೆಂದು ಯೋಚಿಸಿ ಹೆಜ್ಜೆ ಇಡುತ್ತಿತ್ತು. ಅವರ ಕೋಡೂ ನಮ್ಮಂತೆಯೇ ತೆರೆದಿತ್ತು. ಹೇಗೆ ಮಾಡಿದಿರಿ ಎಂದು ಕೇಳಿ ಬರೆದೆ, ಬಿಡಿಸಿ ಹೇಳಿದರು. ಆ ಭಾಗವನ್ನು ನಮ್ಮ ಆಟಕ್ಕೆ ತಂದು ಕೂರಿಸಿ, ಕೊನೆಯ ಪುಟದಲ್ಲಿ ಅವರ ಹೆಸರು ಸೇರಿಸಿದೆವು. ಅಪ್ಪನಿಗೆ ಏನೂ ಹೇಳದೆ ಮನೆಯ ಕಂಪ್ಯೂಟರಿಗೆ ಹೊಸದನ್ನು ಹಾಕಿದೆ. ಅವತ್ತು ಅಪ್ಪ ಎರಡು ಸಲ ಸೋತರು. ಮೂರನೇ ಸಲ ಸೋತಾಗ ಕನ್ನಡಕ ತೆಗೆದು ಒರೆಸಿಕೊಂಡು, ಹುಲಿಗೆ ಏನೋ ಆಗೈತೆ ಎಂದು ಅವ್ವನಿಗೆ ಹೇಳಿದರು. ಮಾರನೇ ದಿನ ಬೆಳಗ್ಗೆ ನಾನು ಏಳುವ ಹೊತ್ತಿಗೆ ಮತ್ತೆ ಅದರ ಮುಂದೆ ಕೂತಿದ್ದರು.

ರಸ್ತೆ ಅಗಲ ಮಾಡುವಾಗ ಪಾತ್ರೆ ಅಂಗಡಿಯ ಕಟ್ಟಡದ ಮುಂಭಾಗ ಹೋಯಿತು, ಸೆಂಟರು ಮುಚ್ಚಿತು. ನನಗೆ ಮಾಗಡಿಯ ಒಂದು ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಕೆಲಸ ಸಿಕ್ಕಿತು. ಗುಡೇಮಾರನಹಳ್ಳಿ ಕಡೆಯಿಂದ ಬರುವ ಮಕ್ಕಳೇ ಅಲ್ಲಿ ಹೆಚ್ಚು. ಗೆಳತಿಗೆ ಮಗಳು ಹುಟ್ಟಿದಳು. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತೇ ಅವಳು ಬೇರೆಯವರ ಆಟಗಳಿಗೆ ಪ್ರಾಣಿ, ಪಕ್ಷಿ ಬರೆದುಕೊಡತೊಡಗಿದಳು. ಕೇಳಿಕೊಂಡು ಬಂದವರಲ್ಲಿ ಮೊದಲಿಗರು ಜಾಗ್ವಾರ್ ಆಟದ ಕೊನೆಯ ಪುಟದಲ್ಲಿ ಅವಳ ಹೆಸರು ನೋಡಿದವರು. ಅದು ಸಂಸಾರಕ್ಕೆ ಆಗುವಷ್ಟು ವರಮಾನವಲ್ಲ, ಆದರೆ ಅವಳದೇ ವರಮಾನ.

ಕೊನೆಯ ಸಲ ಹೋಗಿದ್ದಾಗ ಅವಳು ಮಕ್ಕಳಿಗೆ ಕನ್ನಡ ಅಂಕಿ ಕಲಿಸುವ ಒಂದು ಆಟಕ್ಕೆ ನವಿಲು ಬರೆಯುತ್ತಿದ್ದಳು. ಗರಿಗಳ ಮೇಲೆ ಅಂಕಿ ಕೂರಿಸಬೇಕು, ಮುಟ್ಟಿದರೆ ಗರಿ ಬಿಚ್ಚಿಕೊಳ್ಳಬೇಕು. ಅಂಕಿ ಒಂದು ಕಡೆ ಸರಿದು ಹೋಗುತ್ತಿತ್ತು. ಊಟವಾದ ಮೇಲೆ ಇಬ್ಬರೂ ಕೂತು ಅದನ್ನು ಸರಿ ಮಾಡಿದೆವು. ಮಗು ಮೇಜಿನ ಕೆಳಗೆ ಮಲಗಿ ನಿದ್ದೆ ಹೋಯಿತು. ಸಂಜೆಯ ಬಸ್ಸಿಗೆ ಅವಳ ಗಂಡ ಬಂದು ಹತ್ತಿಸಿದರು. ಹಾರೋಹಳ್ಳಿ ದಾಟಿದ ಮೇಲೆ ಎರಡೂ ಕಡೆ ಹೊಸ ಕಾಂಪೌಂಡುಗಳು, ಅವುಗಳ ನಡುವೆ ಇನ್ನೂ ಹಿಪ್ಪುನೇರಳೆ ತೋಟ. ಶಿಫ್ಟು ಬಿಟ್ಟವರು ಗೇಟುಗಳ ಮುಂದೆ ನಿಂತಿದ್ದರು, ಬಸ್ಸು ಪ್ರತಿ ಗೇಟಿಗೂ ನಿಲ್ಲುತ್ತಿತ್ತು. ನನ್ನ ಪಕ್ಕ ಬಂದು ಕೂತ ಹೆಂಗಸು ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು. ನಾನು ಕಿಟಕಿಗೆ ಒರಗಿ, ಸೋಮವಾರ ಮಾಗಡಿಯ ಮಕ್ಕಳಿಗೆ ಆ ನವಿಲನ್ನು, ಅದರ ಕೋಡ್ ಸಮೇತ, ಹೇಗೆ ಬಿಚ್ಚಿ ತೋರಿಸಲಿ ಎಂದು ಯೋಚಿಸುತ್ತಿದ್ದೆ.